ಅರಳಕ್ಕ ನಿಧಾನವಾಗಿ ಓದಿದ ಸಾಲು

ಆರು ಮಕ್ಕಳ ಮನೆಯಲ್ಲಿ ಕೊನೆಯವಳಾಗಿ ಹುಟ್ಟಿದವಳಿಗೆ ಮಾತು ಬೇಗ ಮುಗಿಸುವುದು ಹೊಟ್ಟೆಪಾಡಿನ ವಿದ್ಯೆ. ಊಟಕ್ಕೆ ಕೂತಾಗ ಅಣ್ಣಂದಿರೂ ಅಕ್ಕಂದಿರೂ ಉಸಿರೆಳೆದುಕೊಳ್ಳಲು ನಿಲ್ಲಿಸಿದ ಸಂದಿಯಲ್ಲೇ ತನಗೆ ಬೇಕಾದದ್ದು, ಬೇಡವಾದದ್ದು, ಹರಿದ ಚೀಲ, ಟೀಚರು ಬೈದದ್ದು ಎಲ್ಲವನ್ನೂ ಅವಳು ತುರುಕಿಬಿಡಬೇಕಿತ್ತು. ಹಾಗೆ ಬಂದ ಅಭ್ಯಾಸ ದೊಡ್ಡವಳಾದ ಮೇಲೂ ಬಿಡಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಿದ್ದ. ಎಂಥ ಒಳ್ಳೆಯ ಗಂಡ ಸಿಕ್ಕಿದನಪ್ಪಾ ಎಂದು ಅವಳು ಹಿಗ್ಗಿದ್ದೇ ಹಿಗ್ಗಿದ್ದು. ವರ್ಷ ಕಳೆದ ಮೇಲೆ ಅವನು ಬಾಯಿಬಿಟ್ಟ: ಒಪ್ಪಿಗೆಯೂ ಇಲ್ಲ, ಏನೂ ಇಲ್ಲ, ಅರ್ಧ ಮಾತು ಅರ್ಥವೇ ಆಗಿರಲಿಲ್ಲವಂತೆ.

ಅವಳಿಗೆ ಕೆಲಸ ಸಿಕ್ಕಿದ್ದು ಪೀಠೋಪಕರಣದ ಅಂಗಡಿಯ ಮಹಡಿಯ ಮೇಲಿದ್ದ ಒಂದು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ. ಫೋನು ಎತ್ತುವುದು, ಬಂದವರನ್ನು ಕೂರಿಸುವುದು, ಚಹಾ ತರಿಸುವುದು, ಕೆಳಗಿನ ಅಂಗಡಿಯವರು ಮಂಚಕ್ಕೆ ಮೊಳೆ ಹೊಡೆಯಲು ಶುರುಮಾಡಿದರೆ ಓಡಿಹೋಗಿ ಸ್ವಲ್ಪ ಹೊತ್ತು ತಡೆಯಿರಿ ಎಂದು ಕೇಳಿಕೊಳ್ಳುವುದು, ಇಷ್ಟು ಅವಳ ಪಾಲಿನ ಕೆಲಸ. ಒಂದು ದಿನ ಕೂದಲು ಬೆಳೆಸುವ ಗಿಡಮೂಲಿಕೆ ಮಾತ್ರೆಯ ರೇಡಿಯೊ ಜಾಹೀರಾತು ನಡೆದಿತ್ತು. ಹಾಡಾಯಿತು, ಹೊಗಳಿಕೆಯಾಯಿತು, ಕೊನೆಗೆ ಬಾಟಲಿಯ ಲೇಬಲ್ಲಿನ ಹಿಂದಿರುವ ಎಚ್ಚರಿಕೆಯನ್ನು ಓದಲೇಬೇಕು ಎಂಬ ನಿಯಮ. ಉಳಿದಿದ್ದ ಸಮಯ ಕಣ್ಣು ಮಿಟುಕಿಸುವಷ್ಟು. ಗುಡುಗಿನ ದನಿಯ ಹಿರಿಯ ಕಲಾವಿದರೊಬ್ಬರು ಮತ್ತೆ ಮತ್ತೆ ಓದಿ, ಮತ್ತೆ ಮತ್ತೆ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು, ಕೊನೆಗೆ ಇದು ಮನುಷ್ಯರ ಕೈಯಲ್ಲಾಗುವ ಕೆಲಸವಲ್ಲ ಎಂದು ಕಾಗದ ಎಸೆದು ಹೊರಬಂದರು. ಚಹಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಇವಳು ಕಾಗದ ಎತ್ತಿಕೊಂಡು, ಇದರಲ್ಲೇನಿದೆ ಮಹಾ ಎಂದು, ನಿಂತ ನಿಲುವಿನಲ್ಲೇ ಒಂದೇ ಉಸಿರಿಗೆ ಓದಿಬಿಟ್ಟಳು.

ಗಾಜಿನಾಚೆ ಕೂತಿದ್ದ ರೆಕಾರ್ಡಿಸ್ಟು ಕಿವಿಗೆ ಹಾಕಿದ್ದನ್ನು ತೆಗೆದು ಅವಳನ್ನೇ ನೋಡಿದ. ಅರಳು ಹುರಿದ ಹಾಗೆ ಸಿಡಿಸಿಬಿಟ್ಟಿರಲ್ಲ ಅಕ್ಕ, ಎಂದ. ಅಂದಿನಿಂದ ಅವಳು ಅರಳಕ್ಕ. ಸ್ಟುಡಿಯೊದವರಿಗಷ್ಟೇ ಅಲ್ಲ, ಮನೆಗೆ ಹಾಲು ತರುವವನಿಗೂ, ಕೊನೆಗೆ ಸ್ವಂತ ಗಂಡನಿಗೂ.

ಅಲ್ಲಿಂದಾಚೆ ಯಾವ ಬೇರಿನ ಪುಡಿ, ಎಲೆಯ ಮಾತ್ರೆ, ತೊಗಟೆಯ ಸಿರಪ್ಪು ರೇಡಿಯೊಕ್ಕೆ ಬಂದರೂ ಕೊನೆಯ ತುತ್ತು ಅರಳಕ್ಕನದೇ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೇರೆ ಔಷಧಿ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆಗೆ ಹೊರಟವರು ಎಲ್ಲರೂ ಅವಳ ಬಾಯಿಂದ ಗೋಲಿಗಳಂತೆ ಉರುಳಿ ಬಂದು, ಮಕ್ಕಳ ಕೈಗೆ ಸಿಗದಂತಿಡಿ ಎಂಬಲ್ಲಿ ಗಕ್ಕನೆ ನಿಲ್ಲುತ್ತಿದ್ದರು. ಉಸಿರೆಲ್ಲಿ ಕದಿಯಬೇಕು ಎಂದು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳುವುದು, ನಾಲಿಗೆ ಸಡಿಲವಾಗಲೆಂದು ಬಿಸಿನೀರು ಕುಡಿಯುವುದು, ಯಾವ ಅಕ್ಷರ ನುಂಗಿದರೆ ನಡೆಯುತ್ತದೆ, ಯಾವುದು ನುಂಗಿದರೆ ಗಂಟಲಲ್ಲೇ ಸಿಕ್ಕುತ್ತದೆ ಎಂಬ ಲೆಕ್ಕಾಚಾರ ಎಲ್ಲ ಅವಳಿಗೆ ಕರತಲಾಮಲಕವಾಯಿತು. ಆ ಮಾತುಗಳ ಅರ್ಥದ ಗೊಡವೆಗೆ ಮಾತ್ರ ಅವಳು ಹೋಗಲಿಲ್ಲ. ಗುಂಡಿ ಹೊಲಿಯುವವರು ಅಂಗಿ ಯಾರು ತೊಡುತ್ತಾರೆ ಎಂದು ಕೇಳುತ್ತಾರೆಯೇ?

ಅವಳ ಈ ವಿದ್ಯೆಗೆ ಮನೆಯಲ್ಲೇ ಒಬ್ಬ ದೊಡ್ಡ ಅಭಿಮಾನಿ ಇದ್ದರು, ಮಾವನವರು. ಅವರು ಲಿಫ್ಟು ರಿಪೇರಿ ಮಾಡಿ ನಿವೃತ್ತರಾದವರು. ಮೊಣಕಾಲು ಸವೆದದ್ದು ಆ ಕೆಲಸದಲ್ಲೇ. ಲಿಫ್ಟು ಕೆಟ್ಟಾಗ ಉಳಿದವರು ಮನೆಗೆ ಹೋಗಬಹುದು, ಮೆಕ್ಯಾನಿಕ್ಕು ಮಾತ್ರ ಮೆಟ್ಟಿಲು ಹತ್ತಲೇಬೇಕಲ್ಲ. ಊರಿಗೆಲ್ಲ ಲಿಫ್ಟು ನಡೆಸಿದವನ ಮನೆಗೆ ಮೆಟ್ಟಿಲೇ ಗತಿ ಎಂದು, ತಮ್ಮ ಮೂರನೆಯ ಮಹಡಿಯ ಮನೆಗೆ ಕಂಬಿ ಹಿಡಿದು ಹತ್ತುವಾಗ ಅವರೇ ನಗುತ್ತಿದ್ದರು. ಮೊಣಕಾಲಿನ ಜೊತೆಗೆ ಎದೆಬಡಿತವೂ ಲಯ ತಪ್ಪತೊಡಗಿದ ಮೇಲೆ, ರಕ್ತ ಹೆಪ್ಪುಗಟ್ಟದಿರಲೆಂದು ಡಾಕ್ಟರು ದಿನವೂ ಒಂದು ಮಾತ್ರೆ ಕೊಟ್ಟಿದ್ದರು. ಅದನ್ನು ಅವರು ತಪ್ಪಿಸುತ್ತಿರಲಿಲ್ಲ.

ಇನ್ನೊಂದನ್ನೂ ತಪ್ಪಿಸುತ್ತಿರಲಿಲ್ಲ. ಅದು ರೇಡಿಯೊ. ಕಿಟಕಿಯ ಕಟ್ಟೆಯ ಮೇಲೆ ಅದು ದಿನವಿಡೀ ಒದರುತ್ತಿತ್ತು. ಪಾರ್ಕಿಗೆ ಹೋದರೆ ಜೇಬಿನಲ್ಲೊಂದು ಪುಟ್ಟ ರೇಡಿಯೊ. ಬೆಂಚಿನ ಗೆಳೆಯರು ಎಷ್ಟೇ ದೊಡ್ಡ ವಿಷಯ ಮಾತಾಡುತ್ತಿದ್ದರೂ, ಜಾಹೀರಾತಿನ ಹಾಡು ಮುಗಿಯುತ್ತಾ ಬಂದಾಗ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು. ಅರಳಕ್ಕನ ದನಿ ಪಟಪಟನೆ ಬಂದು ಹೋದ ಮೇಲೆ, ಕೇಳಿದಿರಾ, ನಮ್ಮ ಸೊಸೆ, ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಹೆತ್ತ ಮಗ ಶಾಲೆಯ ಬಸ್ಸು ಓಡಿಸುತ್ತಾನೆ ಎಂಬುದನ್ನು ಅವರು ಯಾರ ಮುಂದೂ ಅಷ್ಟು ಜಂಬದಿಂದ ಹೇಳಿದ್ದಿಲ್ಲ.

ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಮಾವನವರ ಗಲ್ಲಕ್ಕೆ ಬ್ಲೇಡು ತಾಗಿತು. ಎಳ್ಳಿನಷ್ಟು ಗಾಯ. ಹತ್ತಿ ಒತ್ತಿದರು, ತಣ್ಣೀರ ಬಟ್ಟೆ ಹಿಡಿದರು, ರಕ್ತ ಜಿನುಗುವುದು ನಿಲ್ಲಲೇ ಇಲ್ಲ. ಅರಳಕ್ಕ ಅವರ ತೋಳು ಹಿಡಿದು ಕೂರಿಸಲು ಹೋದವಳು ಅಂಗಿಯ ಕೈ ಸರಿದ ಕಡೆ ನೋಡಿದಳು. ಬದನೆಕಾಯಿ ಬಣ್ಣದ ದೊಡ್ಡ ಕಲೆ, ಅದರ ಪಕ್ಕ ಮತ್ತೊಂದು. ಬೀರುವಿನ ಬಾಗಿಲು ತಾಗಿತು ಕಣಮ್ಮ ಎಂದರು ಮಾವ. ಕಾಲಿನ ಮೇಲೂ ಇತ್ತು. ಅದಕ್ಕೂ ಬೀರುವೇ ಕಾರಣವಂತೆ. ಆ ಬೀರು ಇಷ್ಟೊಂದು ಜಗಳಗಂಟಿ ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಡ ಬಸ್ಸಿನ ಕೆಲಸದ ಮೇಲೆ ಹೋಗಿದ್ದ. ಅವಳು ಸ್ಟುಡಿಯೊಕ್ಕೆ ಫೋನು ಮಾಡಿ ತಡವಾಗುತ್ತದೆಂದು ಹೇಳಿ, ಮಾವನವರಿಗೆ ಕೋಟು ಹಾಕಿಸಿ, ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಡಾಕ್ಟರು ಗಂಭೀರ ಮುಖದ, ಮೆಲುದನಿಯ ಹೆಂಗಸು. ಗಲ್ಲಕ್ಕೆ ಪಟ್ಟಿ ಹಾಕಿ, ರಕ್ತ ಪರೀಕ್ಷೆಗೆ ಕೊಟ್ಟು, ರಕ್ತದ ಮಾತ್ರೆ ಹೆಚ್ಚು ತೆಗೆದುಕೊಂಡಿರಾ ಎಂದು ವಿಚಾರಿಸಿದರು. ಇಲ್ಲ. ಬೇರೆ ಯಾವುದಾದರೂ ಔಷಧಿ? ಇಲ್ಲ. ಕಷಾಯ, ಪುಡಿ, ಎಣ್ಣೆ, ಯಾರೋ ಹೇಳಿದ ಮಾತ್ರೆ? ಮಾವನವರು ತಲೆಯೆತ್ತಿ ಫ್ಯಾನು ನೋಡತೊಡಗಿದರು. ತಿರುಗದ ಫ್ಯಾನು ಅದು.

“ಔಷಧಿ ಅಂತ ಏನೂ ಇಲ್ಲ ಡಾಕ್ಟ್ರೇ,” ಎಂದರು ಕೊನೆಗೆ. “ಮೊಣಕಾಲಿಗೆ ಕೀಲುಬಂಧು ಅನ್ನೋ ಗುಳಿಗೆ ಒಂದು ತಗೊಳ್ತೀನಿ. ಅದು ಬರೀ ಬೆಳ್ಳುಳ್ಳಿ, ಶುಂಠಿ, ಅರಿಶಿನ. ಅಡಿಗೆಮನೇಲಿರೋದೇ.”

“ಯಾರು ಹೇಳಿದ್ರು ತಗೊಳ್ಳೋಕೆ?”

“ನಮ್ಮ ಸೊಸೆ.”

ಡಾಕ್ಟರು ಕುರ್ಚಿ ತಿರುಗಿಸಿ ಅರಳಕ್ಕನನ್ನು ನೋಡಿದರು. ತಾನು ಯಾವಾಗ ಹೇಳಿದೆ ಎಂದು ತಡವರಿಸಿದಳು.

“ರೇಡಿಯೊದಲ್ಲಿ ಕೊನೇಲಿ ಇವಳೇ ಹೇಳ್ತಾಳಲ್ಲ,” ಎಂದರು ಮಾವ, ಸೊಸೆಗೆ ಮರೆತುಹೋಯಿತೇನೋ ಎಂಬಂತೆ. “ಬೇರೆ ಯಾರೋ ಹೇಳಿದ್ರೆ ನಾನು ತಗೊಳ್ತಿದ್ನಾ?”

“ಏನಂತ ಹೇಳ್ತಾರೆ?”

“ಅದು ಗೊತ್ತಿಲ್ಲ. ಆದ್ರೆ ತುಂಬ ಚೆನ್ನಾಗಿ ಹೇಳ್ತಾಳೆ.”

ಬಾಟಲಿ ಕೋಟಿನ ಜೇಬಿನಲ್ಲೇ ಇತ್ತು. ಡಾಕ್ಟರು ಕನ್ನಡಕ ತೆಗೆದು, ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಲೇಬಲ್ಲನ್ನು ಓದಲು ನೋಡಿದರು. ಇರುವೆ ಸಾಲಿನಂಥ ಅಕ್ಷರ. ನೀವೇ ಓದಿ, ನಿಮಗೆ ಅಭ್ಯಾಸವಿದೆಯಲ್ಲ ಎಂದು ಅರಳಕ್ಕನ ಕೈಗೆ ಕೊಟ್ಟರು. ಅವಳು ಶುರುಮಾಡಿದಳು. ನಾಲಿಗೆ ತನ್ನಷ್ಟಕ್ಕೆ ತಾನೇ ಕಿತ್ತುಕೊಂಡು ಓಡಿತು. ಡಾಕ್ಟರು ಕೈ ಅಡ್ಡ ಹಿಡಿದು, ನಿಧಾನ, ಎಂದರು.

ಎರಡನೆಯ ಸಲ ಅವಳು ಒಂದೊಂದೇ ಪದ ಓದಿದಳು. “ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು.” ಈ ಸಾಲನ್ನು ಅವಳು ಅದೆಷ್ಟು ಸಲ ಹೇಳಿದ್ದಳೋ. ಕಿವಿಗೆ ಬಿದ್ದದ್ದು ಇದೇ ಮೊದಲು.

ಡಾಕ್ಟರು ಬೈಯಲಿಲ್ಲ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಬೇರೆ, ರಾಶಿಯಷ್ಟನ್ನು ಭಟ್ಟಿಯಿಳಿಸಿದ ಹಾಗೆ ಸಾರ ತೆಗೆದು ಒಂದು ಗುಳಿಗೆಯಲ್ಲಿ ತುಂಬಿದ್ದು ಬೇರೆ ಎಂದು ವಿವರಿಸಿದರು. ಆ ಸಾರವೂ ರಕ್ತ ತೆಳುವಾಗಿಸುವ ಕಡೆಗೇ ಎಳೆಯಬಹುದು. ಮಾತ್ರೆಯೂ ಇದೂ ಸೇರಿ ಒಂದೇ ಕಡೆಗೆ ಎಳೆದರೆ ಹೀಗೇ ಆಗುತ್ತದೆ. ಕೀಲುಬಂಧು ಇಂದಿಗೇ ನಿಲ್ಲಬೇಕು, ರಕ್ತದ ಮಾತ್ರೆಯ ವಿಷಯವನ್ನು ಪರೀಕ್ಷೆಯ ಫಲಿತಾಂಶ ನೋಡಿ ನಾನೇ ಹೇಳುತ್ತೇನೆ, ನೀವಾಗಿ ನಿಲ್ಲಿಸಕೂಡದು ಎಂದರು. ಮೊಣಕಾಲಿಗೆ ವ್ಯಾಯಾಮ ಹೇಳಿಕೊಡುವವರ ಚೀಟಿಯನ್ನೂ ಬರೆದರು. ಬಾಗಿಲ ತನಕ ಬಂದು, ಇದನ್ನಾದರೂ ಬಚ್ಚಿಡದೆ ಹೇಳಿದಿರಲ್ಲ, ಎಷ್ಟೋ ಜನ ಹೇಳುವುದೇ ಇಲ್ಲ ಎಂದು ಮಾವನವರ ಭುಜ ತಟ್ಟಿದರು.

ದಾರಿಯುದ್ದಕ್ಕೂ ಅರಳಕ್ಕ ಬಾಯಿ ಬಿಡಲಿಲ್ಲ. ಮಾವನವರಿಗೆ ಗಲ್ಲದ ಗಾಯಕ್ಕಿಂತ ಅದೇ ಹೆಚ್ಚು ಹೆದರಿಕೆಯಾಯಿತು. ಯಾಕಮ್ಮ, ಬ್ಯಾಟರಿ ಮುಗೀತಾ ಎಂದು ಕೇಳಿದರು. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಸಂಜೆ ಗಂಡನ ಮುಂದೆ ಎಲ್ಲವನ್ನೂ ಹೇಳಿಕೊಂಡಾಗ, ಅವನು ತುಂಬ ಹೊತ್ತು ತಲೆ ಕೆರೆದುಕೊಂಡು, ನಿಜ ಹೇಳಬೇಕೆಂದರೆ ಅದೂ ಹಾಡಿನ ಭಾಗವೇ ಇರಬೇಕೆಂದು ತಾನೂ ಅಂದುಕೊಂಡಿದ್ದೆ ಎಂದ. ಹಾಗಾದರೆ ಮೊಣಕಾಲು ನೋವಾದರೂ ಕಡಿಮೆಯಾಗಿತ್ತಾ ಎಂದು ತಂದೆಯನ್ನು ಕೇಳಿದ. ಮಾವನವರು ಯೋಚಿಸಿ, ಹತ್ತುವಾಗ ಇಲ್ಲ, ಇಳಿಯುವಾಗ ಸ್ವಲ್ಪ ಎಂದರು.

ವಾರದೊಳಗೆ ಕಲೆಗಳು ಹಳದಿಗೆ ತಿರುಗಿದವು. ರಕ್ತ ಪರೀಕ್ಷೆಯೂ ಮೊದಲಿನ ಹದಕ್ಕೆ ಬಂತು. ಮನೆಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಸ್ಟುಡಿಯೊಕ್ಕೆ ಕೀಲುಬಂಧುವಿನ ಹೊಸ ಜಾಹೀರಾತು ಬಂದಿತ್ತು.

ಅರಳಕ್ಕ ಬಿಸಿನೀರು ಕುಡಿಯಲಿಲ್ಲ, ಪೆನ್ಸಿಲ್ ಗುರುತೂ ಹಾಕಲಿಲ್ಲ. ಮೈಕಿನ ಮುಂದೆ ನಿಂತು, ಡಾಕ್ಟರ ಮುಂದೆ ಓದಿದ ಹಾಗೆಯೇ ಓದಿದಳು. ಜಾಹೀರಾತು ಏಜೆನ್ಸಿಯವನು ಗಡಿಯಾರ ನೋಡಿದ, ಅವಳನ್ನು ನೋಡಿದ, ಅಕ್ಕನಿಗೆ ಹುಷಾರಿಲ್ಲವೇನೋ ಎಂದು ರೆಕಾರ್ಡಿಸ್ಟನನ್ನು ಕೇಳಿದ. ಹುಷಾರಾಗಿಯೇ ಇದ್ದೇನೆ ಎಂದಳು ಅರಳಕ್ಕ. ಪರವಾಗಿಲ್ಲ, ನೀವು ಹೀಗೇ ಓದಿ, ಆಮೇಲೆ ಯಂತ್ರದಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತೇವೆ ಎಂದ ಅವನು. ಅದು ಆಗುವ ಕೆಲಸವೇ. ರೆಕಾರ್ಡಿಸ್ಟು ತಲೆ ತಗ್ಗಿಸಿಕೊಂಡ.

“ವೇಗ ಮಾಡೋದಾದ್ರೆ ಮಾಡ್ಕೊಳ್ಳಿ,” ಎಂದಳು ಅವಳು. “ಆದ್ರೆ ನನ್ನ ದನಿ ಬೇಡ. ನನ್ನ ದನಿ ಕೇಳಿದ್ರೆ ನಮ್ಮ ಮಾವ ನಂಬ್ತಾರೆ.”

ಏಜೆನ್ಸಿಯವನಿಗೆ ತಲೆಬುಡ ತಿಳಿಯಲಿಲ್ಲ. ನಡೆದದ್ದನ್ನು ಅವಳು ಹೇಳಿದಳು, ಅದೂ ನಿಧಾನವಾಗಿ. ಅವನು ಕೆಟ್ಟವನೇನಲ್ಲ. ಸಮಯ ಎಷ್ಟಿದೆಯೋ ಅಷ್ಟರಲ್ಲಿ ತುಂಬುವುದು ತನ್ನ ಕೆಲಸ, ಬೇಕಾದರೆ ಕೀಲುಬಂಧುವಿನ ಮಾಲಕಿಯನ್ನೇ ನೋಡಿ ಮಾತಾಡಿ ಎಂದು ಫೋನು ಹಚ್ಚಿಕೊಟ್ಟ. ಮಾಲಕಿ ಮರುದಿನ ಬನ್ನಿ ಎಂದರು. ಮಾವನವರು ತಾವೂ ಬರುವುದಾಗಿ ಹಟ ಹಿಡಿದರು. ಗಿರಾಕಿ ನಾನಲ್ಲವಾ ಎಂಬುದು ಅವರ ವಾದ.

ಕೀಲುಬಂಧು ತಯಾರಾಗುತ್ತಿದ್ದದ್ದು ಒಂದು ಉದ್ದನೆಯ ಶೆಡ್ಡಿನಲ್ಲಿ. ಒಂದು ಮೂಲೆಯಲ್ಲಿ ಬೀಸುವ ಯಂತ್ರ ಗರಗರ ಅನ್ನುತ್ತಿತ್ತು. ಇನ್ನೊಂದು ಕಡೆ ತಲೆಗೆ ಟೋಪಿ ಹಾಕಿದ ಹೆಂಗಸರು ಸಾಲಾಗಿ ಕೂತು ಬಾಟಲಿಗೆ ಲೇಬಲ್ಲು ಅಂಟಿಸುತ್ತಿದ್ದರು. ಕಿಟಕಿ, ಕುರ್ಚಿ, ಗೋಡೆಯ ಗಡಿಯಾರ, ಎಲ್ಲದರ ಮೇಲೂ ಹಳದಿ ಧೂಳು. ಮಾಲಕಿಯ ಹುಬ್ಬೂ ಹಳದಿ. ತಾಯಿ ಮನೆಯಲ್ಲಿ ಶುರುಮಾಡಿದ ಕೆಲಸವನ್ನು ಕೈಹಿಡಿದು ಬೆಳೆಸಿದ ಹೆಂಗಸು ಅವರು. ಮೊದಲಿಗೆ ಮುಖ ಬಿಗಿದುಕೊಂಡೇ ಮಾತಾಡಿದರು. ಎಚ್ಚರಿಕೆ ಲೇಬಲ್ಲಿನಲ್ಲಿದೆ, ರೇಡಿಯೊದಲ್ಲೂ ಇದೆ, ನಿಯಮದಲ್ಲಿ ಹೇಳಿದ್ದೆಲ್ಲ ಮಾಡಿದ್ದೇವೆ. ಬೆಂಕಿಪೊಟ್ಟಣದಷ್ಟು ಕಾಗದದಲ್ಲಿ ಇದಕ್ಕಿಂತ ದೊಡ್ಡ ಅಕ್ಷರ ಎಲ್ಲಿ ಹಿಡಿಸುತ್ತದೆ?

ಮಾವನವರು ಬಾಟಲಿಯೊಂದನ್ನು ಎತ್ತಿಕೊಂಡರು. ಲೇಬಲ್ಲಿನ ಮುಂಭಾಗದ ತುಂಬ ಬಿಳಿಗಡ್ಡದ ಅಜ್ಜನೊಬ್ಬ ಕಾಂಪೌಂಡು ಗೋಡೆ ಹಾರುತ್ತಿದ್ದ.

“ಈ ಅಜ್ಜನ್ನ ಒಂಚೂರು ಸಣ್ಣ ಮಾಡಿದ್ರೆ ಜಾಗ ಆಗುತ್ತೆ,” ಎಂದರು. “ಅಷ್ಟು ದೊಡ್ಡ ಗೋಡೆ ಅವನಿಗೆ ಯಾಕೆ? ಮೆಟ್ಟಿಲು ಇಳಿದ್ರೆ ಸಾಕು.”

ಲೇಬಲ್ಲು ಅಂಟಿಸುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಲಕಿಯ ಬಿಗಿದ ಮುಖವೂ ಸ್ವಲ್ಪ ಸಡಿಲವಾಯಿತು. ಮಾವನವರು ತಮ್ಮ ಕೋಟಿನ ಕೈ ಮೇಲೆ ಸರಿಸಿ, ಮಾಸುತ್ತಿದ್ದ ಕಲೆಯನ್ನು ತೋರಿಸಿದರು. ದೂರು ಹೇಳುವ ದನಿಯಲ್ಲ, ಹಳೆಯ ಗಾಯ ತೋರಿಸುವ ಆಟಗಾರನ ದನಿ ಅವರದು. ಆಮೇಲೆ ತಮ್ಮ ಕಾಲದ ಕಥೆಗೆ ಇಳಿದರು. ಲಿಫ್ಟಿನೊಳಗೆ ಇಷ್ಟು ಜನಕ್ಕಿಂತ ಹೆಚ್ಚು ಹತ್ತಬಾರದು ಎಂಬ ಬೋರ್ಡು ಇರುತ್ತದೆ. ಕಣ್ಣ ಮಟ್ಟಕ್ಕೇ ಇರುತ್ತದೆ, ದಪ್ಪ ಅಕ್ಷರದಲ್ಲೇ ಇರುತ್ತದೆ. ಆದರೂ ಇಡೀ ಮದುವೆ ದಿಬ್ಬಣ ಒಳಗೆ ನುಗ್ಗುತ್ತದೆ. ಆಮೇಲೆ ನಡುವೆ ಸಿಕ್ಕಿಕೊಂಡು ಮೆಕ್ಯಾನಿಕ್ಕಿನ ಹೆಸರು ಹಿಡಿದು ಕೂಗುತ್ತದೆ.

“ಬೋರ್ಡು ಯಾರೂ ಓದಲ್ಲಮ್ಮ, ನಾನೂ ಓದಲ್ಲ,” ಎಂದರು. “ಅದಕ್ಕೇ ಆಮೇಲೆ ಬೆಲ್ಲು ಇಟ್ರು. ಭಾರ ಜಾಸ್ತಿ ಆದ ತಕ್ಷಣ ಹೊಡ್ಕೊಳುತ್ತೆ, ಬಾಗಿಲು ಮುಚ್ಚಲ್ಲ. ಆಗ ಕೊನೇಲಿ ಹತ್ತಿದವನು ತಾನಾಗೇ ಇಳೀತಾನೆ. ನಮ್ಮ ಸೊಸೆಗೆ ಎಲ್ಲಾನೂ ನಿಧಾನ ಓದೋಕೆ ಹೇಳ್ಬೇಡಿ. ಬೆಲ್ಲಿನಂಥದ್ದು ಒಂದೇ ಒಂದು ಸಾಲು ಸಾಕು.”

ಮಾಲಕಿ ಸಾಲಾಗಿ ಕೂತವರ ಕಡೆ ತಿರುಗಿದರು. ಆಮೇಲೆ ಹತ್ತಿರದಲ್ಲಿ ಕೂತಿದ್ದ ಹೆಂಗಸನ್ನು ಕರೆದು, ನೀನು ಅಂಟಿಸುತ್ತಿರುವ ಕಾಗದದ ಹಿಂದೆ ಏನು ಬರೆದಿದೆ ಎಂದು ಕೇಳಿದರು. ಅವಳು ಬೆಪ್ಪಾಗಿ, ವಿಳಾಸ ಇರಬೇಕು ಅಮ್ಮ ಎಂದಳು. ಮಾಲಕಿ ತಾವೇ ಹೇಳಲು ನೋಡಿದರು. ಗರ್ಭಿಣಿಯರ ತನಕ ಸರಿಯಾಗಿ ಬಂದರು, ಅಲ್ಲಿಂದ ಮುಂದಕ್ಕೆ ಅವರಿಗೂ ನೆನಪಾಗಲಿಲ್ಲ. ತಮಗೇ ನಗು ಬಂದು, ಹಳದಿ ಕೈಯಿಂದ ಹಣೆ ಒರೆಸಿಕೊಂಡು, ಯೋಚನೆ ಮಾಡಲು ಸಮಯ ಕೊಡಿ ಎಂದರು. ಹೊರಡುವಾಗ ಬಾಟಲಿ ಕೊಡಲು ಹೋಗಿ, ನಾಲಿಗೆ ಕಚ್ಚಿಕೊಂಡು, ಬದಲಿಗೆ ಚಹಾ ಕೊಟ್ಟರು.

ಹೊಸ ಜಾಹೀರಾತಿನಲ್ಲಿ ‘ಬಂದ ಬಂದ ಕೀಲುಬಂಧು’ ಎಂಬ ಹಾಡಿನ ಒಂದು ಸುತ್ತು ಕಡಿಮೆಯಾಯಿತು. ಹಾಡು ಬರೆದವನಿಗೆ ಅದಕ್ಕೆ ಇಂದಿಗೂ ಸಿಟ್ಟು. ಆ ಜಾಗದಲ್ಲಿ ಹಾಡು, ತಬಲ ಎಲ್ಲ ನಿಂತು, ಅರಳಕ್ಕ ಪಕ್ಕದ ಮನೆಯವರನ್ನು ಮಾತಾಡಿಸುವ ಹಾಗೆ ಕೇಳುತ್ತಾಳೆ: “ರಕ್ತ ಹೆಪ್ಪುಗಟ್ಟದಿರೋ ಮಾತ್ರೆ ತಗೊಳ್ತಿದ್ದೀರಾ? ಹಾಗಾದ್ರೆ ಮೊದಲು ಡಾಕ್ಟರನ್ನ ಕೇಳಿ.” ಆಮೇಲೆ ಉಳಿದ ಎಚ್ಚರಿಕೆಗಳು ಹಳೆಯ ವೇಗದಲ್ಲೇ ಉರುಳಿ ಹೋಗುತ್ತವೆ. ಪೂರ್ತಿ ಗೆದ್ದ ಹಾಗೇನೂ ಆಗಲಿಲ್ಲ. ಲೇಬಲ್ಲಿನ ಅಜ್ಜ ಮಾತ್ರ ಅರ್ಧಕ್ಕೆ ಇಳಿದು, ಅವನ ಪಕ್ಕ ಕೆಂಪಕ್ಷರದ ಒಂದು ಸಾಲು ಬಂತು.

ಅದಾದ ಮೇಲೆ ಒಂದಷ್ಟು ದಿನ ಮಾಲಕಿಗೆ ಬರೀ ಫೋನು. ಕೆಲವರು ಬಾಟಲಿ ವಾಪಸು ಕೊಟ್ಟರು, ಕೆಲವರು ತಮ್ಮ ಬಿಪಿ ಮಾತ್ರೆಯ ಹೆಸರು ಹೇಳಿ ಇದರ ಜೊತೆ ಆಗುತ್ತದೆಯೇ ಎಂದು ವಿಚಾರಿಸಿದರು. ಮಾಲಕಿ ಗೊಣಗಿದರೂ ಸಾಲನ್ನು ತೆಗೆಸಲಿಲ್ಲ. ಇತ್ತ ಅರಳಕ್ಕನನ್ನು ಬೇರೆ ಒಂದೆರಡು ಏಜೆನ್ಸಿಯವರು ಕರೆಯುವುದನ್ನು ಬಿಟ್ಟರು. ಅವರಿಗೆ ಇನ್ನೂ ವೇಗದ ಹುಡುಗಿಯೊಬ್ಬಳು ಸಿಕ್ಕಿದ್ದಳು. ಅವಳ ಓದು ಕೇಳಿದ ಅರಳಕ್ಕ ಹೊಟ್ಟೆಕಿಚ್ಚು ಪಡಬೇಕೆಂದು ಕೂತರೂ ಆಗಲಿಲ್ಲ. ಎಂಥ ನಾಲಿಗೆ ಅದು. ಅವಳನ್ನು ಹುಡುಕಿಕೊಂಡು ಹೋಗಿ, ಉಸಿರು ಎಲ್ಲಿ ಕದಿಯಬೇಕೆಂದು ತಾನೇ ಹೇಳಿಕೊಟ್ಟು, ಯಾವ ಸಾಲನ್ನು ಏನೇ ಆದರೂ ನುಂಗಬಾರದು ಎಂಬುದನ್ನೂ ತಿಳಿಸಿ ಬಂದಳು. ಆ ಹುಡುಗಿ ಕೇಳುತ್ತಾಳೋ ಬಿಡುತ್ತಾಳೋ ಗೊತ್ತಿಲ್ಲ. ತಲೆಯನ್ನಂತೂ ಆಡಿಸಿದ್ದಳು.

ಮಾವನವರು ಈಗ ಬೆಳಿಗ್ಗೆ ಕುರ್ಚಿಯಲ್ಲಿ ಕೂತು, ಪಾದಕ್ಕೆ ಮರಳಿನ ಚೀಲ ಕಟ್ಟಿಕೊಂಡು ಕಾಲು ಎತ್ತಿ ಇಳಿಸುತ್ತಾರೆ. ಪಾರ್ಕಿನ ಬೆಂಚಿನಲ್ಲಿ ಗೆಳೆಯರ ಜೇಬು ತಡಕಿ, ಏನೇನು ನುಂಗುತ್ತಿದ್ದೀರಿ ತೆಗೆಯಿರಿ ಎನ್ನುತ್ತಾರೆ. ಸಿಕ್ಕಿದ್ದನ್ನು ಸೊಸೆಗೆ ತೋರಿಸಿ ಎಂದು ಕಳಿಸುತ್ತಾರೆ. ಆ ಸುದ್ದಿ ಕಟ್ಟಡದಲ್ಲೂ ಹಬ್ಬಿದೆ.

ಮೊನ್ನೆ ಭಾನುವಾರ ಕೆಳಮನೆಯ ಟೈಲರಮ್ಮ ತೆಳ್ಳಗಾಗುವ ಗಿಡಮೂಲಿಕೆ ಚಹಾದ ಪೊಟ್ಟಣ ಹಿಡಿದು ಮೆಟ್ಟಿಲಲ್ಲೇ ಅರಳಕ್ಕನನ್ನು ಅಡ್ಡಹಾಕಿದಳು. ಸೂಜಿಗೆ ದಾರ ಪೋಣಿಸುವ ತನ್ನ ಕಣ್ಣಿಗೂ ಇದರ ಹಿಂದಿನ ಅಕ್ಷರ ಹತ್ತುತ್ತಿಲ್ಲ ಎಂದಳು. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅರಳಕ್ಕ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಇದರಲ್ಲಿ ಭೇದಿ ಮಾಡಿಸುವ ಎಲೆಯಿದೆಯಂತೆ, ಹೆಚ್ಚು ದಿನ ಕುಡಿಯಬಾರದಂತೆ ಎಂದು ಓದಿ ಹೇಳಿದಳು.

“ಅಯ್ಯೋ, ಅದಕ್ಕಾ,” ಎಂದಳು ಟೈಲರಮ್ಮ. “ದಿನಾ ಬೆಳಿಗ್ಗೆ ನಾನು ಒಳಗೆ, ನಮ್ಮನೆಯವರು ಹೊರಗೆ ನಿಂತು ಬಾಗಿಲು ಬಡಿಯೋದು.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕೇಳಿ ಮಾವನವರು ಮೇಲಿನಿಂದ ಕಂಬಿಗೆ ಬಾಗಿ, ಏನಂತಮ್ಮ ಅದು, ನನಗೂ ಕೇಳಿಸಲಿ ಎಂದರು. ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೇಡ ಬೇಡ ಎಂದು ಕೈಯಾಡಿಸಿದಳು. ಅರಳಕ್ಕ ಪೊಟ್ಟಣ ಮಡಿಸಿ ಅವಳ ಕೈಗಿತ್ತು, ಹೆಂಗಸರ ವಿಷಯ ಮಾವ, ಎಂದು ಕೂಗಿ ಹೇಳಿದಳು.